ಕ್ಯಾಮೆರಾ ಕಂಡ ಹೂಮಳೆ

ಕೊಲ್ಹಾಪುರದಲ್ಲಿ ಎದೆಯ ಡಾಕ್ಟರರ ದವಾಖಾನೆಯಿಂದ ಹೊರಬಿದ್ದವಳೇ ನಾನು ನೆಟ್ಟಗೆ ಹೋದದ್ದು ಕ್ಯಾಮೆರಾ ಅಂಗಡಿಗೆ. ಔಷಧಿ ಚೀಟಿ ನಮ್ಮವರ ಕೈಯಲ್ಲಿತ್ತು, ಅದನ್ನು ಅವರು ನೋಡಿಕೊಂಡರು. ಮಾವನವರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ಮಾತ್ರೆಗಳ ಬಗ್ಗೆ ಹೇಳಿದ್ದಕ್ಕಿಂತ ಹೆಚ್ಚು ಒತ್ತಿ ಹೇಳಿದ್ದು ಒಂದೇ ಮಾತು. ಇವರು ಇನ್ನು ಮೇಲೆ ಧೂಳಿನಲ್ಲಿ ಮಲಗಬಾರದು, ಮನೆಯೊಳಗೆ ಮಲಗಲಿ, ಹೀಗೇ ನಡೆದರೆ ಮುಂದೆ ಉಸಿರಿಗೇ ಕಷ್ಟ ಎಂದರು. ಮಾವ ಹೌದ್ರಿ, ಹೌದ್ರಿ ಎಂದು ತಲೆಯಾಡಿಸಿದರು. ನಮ್ಮ ಮಾವ ಅಷ್ಟು ಸುಲಭವಾಗಿ ತಲೆಯಾಡಿಸಿದರೆಂದರೆ ಆ ಕೆಲಸ ಆಗುವುದಿಲ್ಲ ಎಂದೇ ಅರ್ಥ. ಮದುವೆಯಾಗಿ ಬಂದ ಹೊಸತರಲ್ಲೇ ನನಗೆ ಅದು ಗೊತ್ತಾಗಿತ್ತು.

ನಮ್ಮ ಮನೆ ಇಚಲಕರಂಜಿಗೆ ಅಂಟಿಕೊಂಡಿರುವ ಕಬನೂರಿನಲ್ಲಿದೆ. ಮುಂದೆ ಮನೆ, ಹಿಂದೆ ಕರೆಂಟಿನ ಮಗ್ಗದ ಶೆಡ್ಡು, ಎರಡರ ನಡುವೆ ತಗಡು ಹೊದಿಸಿದ ಅಂಗಳ. ನಾವು ಮಜೂರಿಗೆ ನೇಯುವವರು. ವ್ಯಾಪಾರಿ ನೂಲು ಕಳಿಸುತ್ತಾನೆ, ನಾವು ನೇಯ್ದು ಬಟ್ಟೆ ಒಪ್ಪಿಸುತ್ತೇವೆ. ಅಂಗಳದಲ್ಲಿ ಒಟ್ಟಿದ ಚೀಲಗಳಲ್ಲಿ ಇರುವ ನೂಲಿನಲ್ಲಿ ಒಂದು ಎಳೆಯೂ ನಮ್ಮದಲ್ಲ. ಅದಕ್ಕೇ ಮಾವ ತಮ್ಮ ಮಂಚವನ್ನು ಆ ಚೀಲಗಳ ಪಕ್ಕದಲ್ಲಿ ಹಾಕಿಕೊಂಡಿದ್ದರು. ನಾನು ಬಂದಾಗಿನಿಂದ ಅಲ್ಲೇ, ನಾನು ಬರುವ ಮೊದಲೂ ಅಲ್ಲೇ. ಚಳಿ ಇರಲಿ, ಮಳೆ ಇರಲಿ, ಮನೆಯಲ್ಲಿ ಮದುವೆ ಇರಲಿ, ಅವರ ಮಂಚ ಕದಲಿದ್ದಿಲ್ಲ.

ಕೆಮ್ಮು ಶುರುವಾದ ಮೇಲೂ ಕದಲಲಿಲ್ಲ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಮಾವ ಹನಿ ನೀರೂ ಮುಟ್ಟುವುದಿಲ್ಲ. ಗಂಟಲು ಹರಿದುಹೋಗುವ ಹಾಗೆ ಕೆಮ್ಮಿದರೂ ಬೆಳಗಾಗುವ ತನಕ ಬರೀ ಉಗುಳು ನುಂಗಿಕೊಂಡು ಇರುತ್ತಿದ್ದರು. ಒಮ್ಮೆ ಅವರನ್ನು ಒತ್ತಾಯದಿಂದ ಗಡಹಿಂಗ್ಲಜಕ್ಕೆ, ನನ್ನ ತವರಿಗೆ ಕಳಿಸಿದೆ. ಕಬ್ಬಿನ ಗದ್ದೆ, ಒಳ್ಳೆಯ ಗಾಳಿ, ಎಂಟು ದಿನ ಇದ್ದು ಬನ್ನಿ ಎಂದೆ. ಮೂರನೆಯ ದಿನವೇ ಬಸ್ಸು ಹತ್ತಿ ವಾಪಸು ಬಂದರು. ಮಗ್ಗದ ಸಪ್ಪಳ ಇಲ್ಲದೆ ನಿದ್ದೆ ಹತ್ತಲಿಲ್ಲವಂತೆ. ಒಳ್ಳೆಯ ಗಾಳಿಯ ಬಗ್ಗೆ ಕೇಳಿದರೆ, ಇತ್ತು, ಇತ್ತು ಎಂದು ಮಾತು ತೇಲಿಸಿದರು.

ಹಾಗಾಗಿ ಡಾಕ್ಟರರ ಮಾತು ಕೇಳಿ ಮನೆಗೆ ಬರುವ ದಾರಿಯಲ್ಲಿ ಅವರು ಹೇಳಿದ್ದು ನನಗೆ ಹೊಸದೇನಲ್ಲ.

"ಮಂದಿ ಮಾಲ ಅಂಗಳದಾಗ ಬಿಟ್ಟು ನಾ ಒಳಗ ಹ್ಯಾಂಗ ಮಲಗ್ಲಿ? ಯಾರ ನೋಡ್ತಾರ ಅದನ್ನ?"

ಕ್ಯಾಮೆರಾ ನೋಡುತ್ತದೆ ಎಂದು ನಾನು ನನ್ನ ಬ್ಯಾಗಿನಲ್ಲಿದ್ದ ಡಬ್ಬಿಯನ್ನು ತೋರಿಸಿದೆ. ಅವರು ಕಿಟಕಿಯ ಹೊರಗೆ ನೋಡತೊಡಗಿದರು.

ಆ ಮೊದಲ ಕ್ಯಾಮೆರಾದಲ್ಲಿ ನಾನು ಚೆನ್ನಾಗಿಯೇ ಮೋಸಹೋದೆ. ನಮ್ಮಂಥವರ ಕೈಗೆ ಎಟಕುವ ಬೆಲೆಯದರಲ್ಲಿ ಅದರ ಡಬ್ಬಿಯ ಮೇಲೇ ಎಲ್ಲಕ್ಕಿಂತ ದೊಡ್ಡ ಮೆಗಾಪಿಕ್ಸೆಲ್ ಸಂಖ್ಯೆ ಇತ್ತು. ರಾತ್ರಿಯೂ ಬಣ್ಣದಲ್ಲೇ ಕಾಣುತ್ತದೆ ಎಂದು ಅಂಗಡಿಯವನು ಮರಾಠಿಯಲ್ಲಿ ವಹಿನಿ, ವಹಿನಿ ಎಂದು ಅತ್ತಿಗೆಯ ಸಂಬಂಧ ಹಚ್ಚಿ ಹೊಗಳಿದ್ದ. ಕತ್ತಲಲ್ಲಿ ಬಣ್ಣ ಹೇಗೆ ಕಾಣುತ್ತದೆ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಅದರಲ್ಲೇ ಒಂದು ಬಿಳಿ ದೀಪ ಇತ್ತು. ಏನಾದರೂ ಅಲುಗಾಡಿದರೆ ಸಾಕು, ಝಗ್ಗೆಂದು ಹತ್ತುತ್ತಿತ್ತು. ಕ್ಯಾಮೆರಾ ಹಚ್ಚಿದರೂ ಅಂಗಳ ಬಿಡದ ಮಾವ ಮಂಚದಲ್ಲಿ ಮಗ್ಗುಲು ಬದಲಿಸಿದಾಗೊಮ್ಮೆ ಹತ್ತಿ, ಕೆಮ್ಮಿದಾಗೊಮ್ಮೆ ಹತ್ತಿ ಅವರ ತಲೆ ಕೆಡಿಸಿತು. ಬೆಳಿಗ್ಗೆ ಮೊಬೈಲಿನಲ್ಲಿ ನೋಡಿದರೆ ಮೊದಲು ಒಂದು ದೊಡ್ಡ ಅಂಗೈ, ಆಮೇಲೆ ಇಡೀ ರಾತ್ರಿ ಅದರ ಮೇಲೆ ಹೊದಿಸಿದ ಮಾವನ ಟವೆಲ್ಲಿನ ನೇಯ್ಗೆ. ನೇಯ್ಗೆ ಮಾತ್ರ ಭಾಳ ಸ್ಪಷ್ಟವಾಗಿದೆ ಎಂದು ನಮ್ಮವರು ನಕ್ಕರು.

ಎರಡನೆಯ ಸಲ ಕೊಲ್ಹಾಪುರಕ್ಕೆ ಹೋದಾಗ ನಾನು ಸುಮ್ಮನೆ ಹೋಗಲಿಲ್ಲ. ಬ್ಯಾಗಿನಲ್ಲಿ ನೂಲು ಸುತ್ತಿದ ಒಂದು ಕೋನು ಇಟ್ಟುಕೊಂಡು ಹೋದೆ. ಅಂಗಡಿಯ ಹಿಂದೆ ಅವರ ಸಾಮಾನಿನ ಕೋಣೆ ಇತ್ತು. ಅಲ್ಲಿ ಕೋನು ಇಡಿಸಿ, ದೀಪ ಆರಿಸಿ, ಬಾಗಿಲು ಮುಚ್ಚಿಸಿ, ಒಂದೊಂದೇ ಕ್ಯಾಮೆರಾ ಹಚ್ಚಿ ತೋರಿಸು ಎಂದೆ. ಅಂಗಡಿಯವನು ಮುಖ ಸಿಂಡರಿಸಿದ. ಮೊದಲ ಸಲ ನನ್ನನ್ನು ಸುಲಭದಲ್ಲಿ ಸಾಗಹಾಕಿದ್ದು ನೆನಪಾಗಿರಬೇಕು, ಮಾಡಿದ. ಕೆಲವು ಕ್ಯಾಮೆರಾಗಳಲ್ಲಿ ಕೋನು ಬರೀ ಬಿಳಿ ಮುದ್ದೆ. ಕೆಲವುಗಳಲ್ಲಿ ಎಲ್ಲವೂ ಬೂದಿ ಬಣ್ಣದಲ್ಲಿ ಕಲಸಿಹೋಗಿತ್ತು. ಒಂದರಲ್ಲಿ ಮಾತ್ರ ಕೋನಿಗೆ ಸುತ್ತಿದ ನೂಲಿನ ಎಳೆಗಳು ಬೇರೆ ಬೇರೆಯಾಗಿ ಕಂಡವು. ಅದರ ಮೆಗಾಪಿಕ್ಸೆಲ್ ಕಡಿಮೆ. ಆದರೆ ಲೆನ್ಸು ಅಗಲ, ಇದ್ದಷ್ಟು ಬೆಳಕನ್ನು ಹೆಚ್ಚು ಒಳಗೆ ತೆಗೆದುಕೊಳ್ಳುತ್ತದೆ ಎಂದು ಅಂಗಡಿಯವನು ಈಗ ಸತ್ಯ ಹೇಳಿದ. ಬಿಳಿ ದೀಪ ಇಲ್ಲ, ನಮ್ಮ ಕಣ್ಣಿಗೆ ಕಾಣದ ಯಾವುದೋ ಕಿರಣವನ್ನು ಬಿಟ್ಟು ಕಪ್ಪುಬಿಳುಪಿನಲ್ಲಿ ನೋಡುತ್ತದೆ.

ನಾನು ಆ ಕತ್ತಲ ಕೋಣೆಯೊಳಗೆ ಹೋಗಿ ನಿಂತೆ. ನನಗೆ ನನ್ನ ಕೈಯೇ ಕಾಣಲಿಲ್ಲ. ಹೊರಗಿನಿಂದ ಅಂಗಡಿಯವನು, ವಹಿನಿ, ನೀವು ಬಳೆ ಸರಿಮಾಡಿಕೊಳ್ಳುತ್ತಿದ್ದೀರಿ ಎಂದ. ನಾನೇ ನನಗೆ ಕಾಣದ ಕಡೆ ನನ್ನನ್ನು ನೋಡುವ ಒಂದು ಕಣ್ಣು ಲಿಂಬೆಹಣ್ಣಿನಷ್ಟು ಗಾತ್ರದಲ್ಲಿ ಗೋಡೆಗೆ ಅಂಟಿಕೊಂಡಿತ್ತು. ಮರುಮಾತಿಲ್ಲದೆ ಅದನ್ನೇ ತಂದೆ.

ಅದನ್ನು ಶೆಡ್ಡಿನ ಗೋಡೆಗೆ ಹಚ್ಚಿದ ಮರುದಿನ ಬೆಳಿಗ್ಗೆ ನನ್ನ ಮೊಬೈಲಿನ ತುಂಬ ಸೂಚನೆಗಳು. ಅಂಗಳದಲ್ಲಿ ಏನೋ ಅಲುಗಾಡುತ್ತಿದೆ, ಏನೋ ಅಲುಗಾಡುತ್ತಿದೆ ಎಂದು ರಾತ್ರಿಯಿಡೀ ಹೇಳಿತ್ತು. ಕಳ್ಳರ ದಂಡೇ ಬಂದಿತ್ತೇನೋ ಎಂದು ಗಾಬರಿಯಾಗಿ ಅಂಗಳಕ್ಕೆ ಓಡಿದೆ. ಚೀಲಗಳೆಲ್ಲ ಇದ್ದಲ್ಲೇ ಇದ್ದವು. ಅಡುಗೆಮನೆಗೆ ಬಂದು ಅತ್ತೆಯವರ ಪಕ್ಕದಲ್ಲಿ ಕೂತು ರಾತ್ರಿಯ ಚಿತ್ರ ತೆರೆದೆ.

ಅಂಗಳ ಹಗಲಿನಷ್ಟು ನಿಚ್ಚಳವಾಗಿತ್ತು. ಮಂಚದ ಮೇಲೆ ಮಾವ ಅಂಗಾತ ಮಲಗಿದ್ದರು. ಒಂದು ಕೈ ನಿದ್ದೆಯಲ್ಲೂ ಪಕ್ಕದ ಚೀಲದ ಮೇಲಿತ್ತು. ಅವರ ಮೇಲೆ, ಚೀಲಗಳ ಮೇಲೆ, ಇಡೀ ಅಂಗಳದ ತುಂಬ ಬಿಳಿ ಬಿಳಿಯಾಗಿ ಏನೋ ಸುರಿಯುತ್ತಿತ್ತು. ಮಳೆಯ ಹಾಗೆ ರಭಸದಿಂದಲ್ಲ. ನಿಧಾನ, ಭಾಳ ನಿಧಾನ. ಕೆಲವು ಇಳಿಯುತ್ತ ಇಳಿಯುತ್ತ ಮತ್ತೆ ಮೇಲೇರಿ, ತಿರುಗಿ, ಹೊಳೆದು, ಕೆಳಗೆ ಬರುತ್ತಿದ್ದವು. ಎಷ್ಟು ನೋಡಿದರೂ ಮುಗಿಯಲಿಲ್ಲ. ನಾನು ಹಿಮ ಬೀಳುವ ಊರನ್ನು ಕಂಡವಳಲ್ಲ, ಬೀಳುವುದಿದ್ದರೆ ಹೀಗೇ ಬೀಳಬೇಕು ಎನಿಸಿತು. ಚಹಾ ಉಕ್ಕಿ ಒಲೆ ಆರಿದ್ದು ನಮಗಿಬ್ಬರಿಗೂ ತಿಳಿಯಲಿಲ್ಲ.

ಅತ್ತೆ ಕೈಮುಗಿದರು. ಕಣ್ಣಲ್ಲಿ ನೀರು ತುಂಬಿತ್ತು. "ದೇವರು ಹೂ ಸುರಿಸ್ಯಾರ. ಜೀವಮಾನ ಮಂದಿ ಮಾಲಿಗೆ ಕೈ ಹಚ್ಚದ ಕಾಯ್ದಾರ ನೋಡು, ಅದಕ್ಕ."

ನಮ್ಮ ಬಸದಿಯ ಗೋಡೆಯ ಮೇಲೆ ತೀರ್ಥಂಕರರ ಚಿತ್ರವಿದೆ. ಮೇಲಿಂದ ದೇವತೆಗಳು ಪುಷ್ಪವೃಷ್ಟಿ ಮಾಡುತ್ತಿರುತ್ತಾರೆ, ಬಿಳಿ ಹೂವುಗಳು ಗಾಳಿಯಲ್ಲೇ ನಿಂತಿರುತ್ತವೆ. ಅತ್ತೆ ಚಿಕ್ಕವರಿದ್ದಾಗಿನಿಂದ ದಿನಾ ನೋಡಿದ ಚಿತ್ರ. ಅವರಿಗೆ ಬೇರೇನು ನೆನಪಾಗಬೇಕು? ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಅಲ್ಲ ಎನ್ನಲು ಮನಸ್ಸಾಗಲಿಲ್ಲ. ಸಿಟ್ಟು ಬಂದರೆ ಮಾವನಿಗೆ ಮುದುಕಪ್ಪ ಎಂದು ಬೈಯುತ್ತಿದ್ದ ಆಕೆ ಅವತ್ತು ಅವರ ಮುಂದೆ ತಾಟು ಇಡುವಾಗ ಎರಡೂ ಕೈಯಿಂದ ಇಟ್ಟರು.

ಅತ್ತೆ ಬಸದಿಗೆ ಹೋಗಿ ಬಂದ ಮೇಲೆ ಕೇಳಬೇಕೆ. ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿದ್ದರು. ನನ್ನ ಮೊಬೈಲು ಕೈಯಿಂದ ಕೈಗೆ ಪ್ರಸಾದದ ತಟ್ಟೆಯ ಹಾಗೆ ಹೋಯಿತು. ಒಬ್ಬಾಕೆ ಪರದೆಗೆ ಹಣೆ ಮುಟ್ಟಿಸಿ ನಮಸ್ಕರಿಸಿದರು, ಚಿತ್ರ ನಿಂತುಹೋಗಿ ಬೇರೇನೋ ತೆರೆದುಕೊಂಡಿತು. ನಮ್ಮವರು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ನಗುವಿಗೆ ಅವರ ಭುಜ ಕುಲುಕುತ್ತಿದ್ದದ್ದು ನನಗೆ ಕಂಡಿತು. ಅದು ಏನೆಂದು ಅವರಿಗೆ ಗೊತ್ತಿತ್ತು.

ನನಗೆ ಗೊತ್ತಾದದ್ದು ಸಂಜೆ, ಬಲ್ಬು ಹಚ್ಚುವ ಮೊದಲು. ಅಂಗಳಕ್ಕೆ ಹೋಗಿ ಟಾರ್ಚು ಬಿಟ್ಟೆ. ಬೆಳಕಿನ ದಾರಿಯುದ್ದಕ್ಕೂ ನೂಲಿನ ಧೂಳು, ಸಣ್ಣ ಸಣ್ಣ ಹತ್ತಿಯ ಎಳೆಗಳು. ನಮ್ಮ ಮಗ್ಗ ರಾತ್ರಿ ನಿಂತರೂ ಅಕ್ಕಪಕ್ಕದವರ ಮಗ್ಗ ನಿಲ್ಲುವುದಿಲ್ಲ, ಅವರ ಕಿಂಡಿಗಳೆಲ್ಲ ನಮ್ಮ ಅಂಗಳಕ್ಕೇ ಮುಖ ಮಾಡಿವೆ. ದಿನಾ ಬೆಳಿಗ್ಗೆ ನಾನು ಕಸಬರಿಗೆಯಿಂದ ಗುಡಿಸಿ ಎಸೆಯುತ್ತಿದ್ದದ್ದು ಇದನ್ನೇ. ನೆಲಕ್ಕೆ ಬಿದ್ದ ಮೇಲಿನದು ಮಾತ್ರ ಕಸ ಎಂದು ತಿಳಿದಿದ್ದೆ. ಬೀಳುವ ಮೊದಲು ಅದು ಇಷ್ಟು ಚೆಂದ ಇರುತ್ತದೆ ಎಂದು, ಇಷ್ಟೊಂದು ಇರುತ್ತದೆ ಎಂದು ಗೊತ್ತಿರಲಿಲ್ಲ. ಅತ್ತೆಯವರಿಗೆ ಹೇಳಲು ಬಾಯಿ ಬರಲಿಲ್ಲ.

ಮಾವನಿಗೆ ಈ ಗದ್ದಲದಿಂದ ಪೇಚಾಟ ಶುರುವಾಯಿತು. ಓಣಿಯಲ್ಲಿ ಒಬ್ಬಾಕೆ ಕಾಲು ಮುಟ್ಟಲು ಬಾಗಿದರಂತೆ. ಮರುದಿನ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. ಅದೇನು ತೋರಿಸಾಕತ್ತೀರಿ ಎಲ್ಲಾರಿಗೂ, ನನಗೂ ತೋರಿಸು ಎಂದರು. ಅಲ್ಲಿಯವರೆಗೆ ಅವರು ಅದನ್ನು ನೋಡಿಯೇ ಇರಲಿಲ್ಲ. ಪಡಸಾಲೆಯಲ್ಲಿ ನಾವು ನಾಲ್ವರೂ ಕೂತೆವು, ಮೊಬೈಲನ್ನು ಅವರ ಕೈಗೆ ಕೊಟ್ಟೆ.

ಮೊದಲು ಅವರು ನೋಡಿದ್ದು ಹೂವನ್ನಲ್ಲ, ತಮ್ಮನ್ನು. ಮನುಷ್ಯ ತಾನು ನಿದ್ದೆ ಮಾಡುವುದನ್ನು ಎಂದಾದರೂ ನೋಡಿರುತ್ತಾನೆಯೇ? "ಇಂವ ನಾನ ಏನು?" ಎಂದು ಮೆಲ್ಲಗೆ ಕೇಳಿದರು. ಹೌದ್ರಿ ಮಾವಾರ ಎಂದೆ. ಚೀಲದ ಮೇಲಿನ ಕೈಯನ್ನು ನೋಡಿ ಅವರ ಮುಖ ಸ್ವಲ್ಪ ಅರಳಿತು. ಆಮೇಲೆ ಪರದೆಯನ್ನು ಕಣ್ಣಿನ ಹತ್ತಿರ ತಂದರು. ಚಿತ್ರವನ್ನು ಹಿಗ್ಗಿಸಿ ಮುಖವನ್ನು ದೊಡ್ಡದು ಮಾಡಿ ಕೊಟ್ಟವಳು ನಾನೇ.

ಬಿಳಿ ಎಳೆಗಳು ಮುಖದವರೆಗೆ ನಿಧಾನವಾಗಿ ಇಳಿದು ಬರುತ್ತಿದ್ದವು. ಅರ್ಧ ತೆರೆದ ಬಾಯಿಯ ಹತ್ತಿರ ಬಂದೊಡನೆ ಒಮ್ಮೆಲೇ ಬಾಗಿ, ಸಾಲಾಗಿ ಒಳಗೆ ಹೋಗುತ್ತಿದ್ದವು. ಒಂದು ಕ್ಷಣ ಅಲ್ಲಿ ಏನೂ ಇಲ್ಲ. ಮತ್ತೆ ಉಸಿರು ಬಿಟ್ಟಾಗ ಸುತ್ತಲಿನವು ಚದುರುತ್ತಿದ್ದವು. ಮತ್ತೆ ಉಸಿರೆಳೆದಾಗ ಸಾಲು ಕಟ್ಟುತ್ತಿದ್ದವು. ನಾನು ಜೀವಮಾನದಲ್ಲಿ ಮೊದಲ ಸಲ ಉಸಿರನ್ನು ಕಣ್ಣಾರೆ ಕಂಡೆ. ಒಬ್ಬ ಮನುಷ್ಯನ ಎದೆ ಗಾಳಿಯನ್ನು ಅಷ್ಟು ಬಲದಿಂದ ಕರೆಯುತ್ತದೆ, ಕರೆದಾಗ ಅದು ಅಷ್ಟು ವಿಧೇಯವಾಗಿ ಹೋಗುತ್ತದೆ ಎಂದು ನೋಡಿ ಭಯವೂ ಆಯಿತು, ಕಣ್ಣು ಕೀಳಲೂ ಆಗಲಿಲ್ಲ.

ಮಾವ ಬಹಳ ಹೊತ್ತು ನೋಡಿದರು. ಇದು ನೂಲ ಐತಿ ಎಂದರು, ಅಷ್ಟೇ.

ಅತ್ತೆ ಎದ್ದು ಬಂದು ಅವರ ಬೆನ್ನ ಹಿಂದೆ ನಿಂತರು. ಹೂವು ಎಂದು ಓಣಿಗೆಲ್ಲ ಸಾರಿದವರು, ಈಗ ಏನು ಹೇಳಿಕೊಂಡಾರೋ ಎಂದು ನನಗೆ ಸಂಕಟವಾಯಿತು. ಅವರು ಪರದೆಯ ಮೇಲೆ ಬಾಗಿದರು. ಒಂದು ಉಸಿರು ನೋಡಿದರು, ಇನ್ನೊಂದು ನೋಡಿದರು.

"ಹುಳ ಸತ್ತೀತು ಅಂತ ನೀರ ಅರಿವ್ಯಾಗ ಸೋಸದ ಒಂದ ಗುಟುಕ ಕುಡದಾವರಲ್ಲ ನೀವು," ಎಂದರು. "ಗಾಳಿ ಮಾತ್ರ ಹಂಗ ನುಂಗಿಕೋತ ಬಂದೀರಿ."

ಮಾವ ತಲೆಯಾಡಿಸಲಿಲ್ಲ. ಮೊಬೈಲನ್ನು ನನ್ನ ಕೈಗಿಟ್ಟು ಅಂಗಳಕ್ಕೆ ಹೋದರು. ಹಾಸಿಗೆ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಬಂದು ಪಡಸಾಲೆಯ ಮೂಲೆಯಲ್ಲಿ ಇಳಿಸಿದರು. ಅಂಗಳದ ಚಿತ್ರ ತೆರೆದಿಡು, ನಡುನಡುವೆ ನೋಡ್ತೇನಿ ಎಂದು ನನಗೆ ಹೇಳಿದರು. ಡಾಕ್ಟರಿಂದ ಆಗದ, ಮಗನಿಂದ ಆಗದ ಕೆಲಸ ಆಯಿತಲ್ಲ ಎಂದು ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಳಗೊಳಗೇ ಹಿಗ್ಗಿ ಹಾಸಿಗೆ ಬಿಚ್ಚಿ ಕೊಡಲು ಎದ್ದೆ.

ಮಾವ ಗೋಡೆಗೆ ಒರಗಿ ಕೂತು ನಮ್ಮವರ ಕಡೆ ನೋಡುತ್ತಿದ್ದರು. ನಮ್ಮವರು ಶೆಡ್ಡಿನಿಂದ ಬಂದವರು ಇನ್ನೂ ಮುಖ ತೊಳೆಯದೆ, ಬಾಗಿಲ ಹತ್ತಿರ ಚಹಾದ ಬಟ್ಟಲು ಹಿಡಿದು ಕೂತಿದ್ದರು.

"ನಾ ಬರೇ ರಾತ್ರಿ ಅಲ್ಲಿ ಮಲಗ್ತಿದ್ದೆ," ಎಂದು ಮಾವ ನನಗೆ ಹೇಳಿದರು. "ಇಂವ ಹಗಲೆಲ್ಲಾ ಅದರ ನಡುವ ನಿಂತಿರ್ತಾನ. ಇಂವನ ಹಾಸಿಗಿ ಎಲ್ಲಿ ಹಾಸ್ತಿ?"

ನಾನು ನಮ್ಮವರನ್ನು ನೋಡಿದೆ. ಹುಬ್ಬು ಬೆಳ್ಳಗಾಗಿತ್ತು, ರೆಪ್ಪೆ ಬೆಳ್ಳಗಾಗಿತ್ತು, ಮೀಸೆಯ ತುದಿ ಬೆಳ್ಳಗಾಗಿತ್ತು. ಅವರು ನಗಲು ನೋಡಿದರು, ಬಟ್ಟಲನ್ನು ಕೆಳಗಿಟ್ಟರು. ನಾನು ಹತ್ತಿರ ಹೋಗಿ ಸೆರಗಿನಿಂದ ಅವರ ಮುಖ ಒರೆಸತೊಡಗಿದೆ. ಅತ್ತೆ ಮಾವನ ಎದುರಿಗೇ ಹಾಗೆ ಮಾಡಿದ್ದು ಅದೇ ಮೊದಲು. ಒರೆಸುವಾಗ ಎಲ್ಲಿ ಆ ಧೂಳು ಮೇಲೆದ್ದು ಅವರ ಮೂಗಿಗೆ ಹೋದೀತೋ ಎಂದು ನಾನು ನನ್ನ ಉಸಿರನ್ನು ಬಿಗಿಹಿಡಿದಿದ್ದೆ.