ಕಣ್ಣು ಬಿಡಿಸದ ಹುಲಿ

ಮೊನ್ನೆ ಅಟ್ಟದ ಮೇಲಿನ ಅಕ್ಕಿ ಡಬ್ಬ ಇಳಿಸಲು ಹೋಗಿ, ಅದರ ಹಿಂದಿದ್ದ ಬಟ್ಟೆಯ ಗಂಟೊಂದನ್ನು ತಲೆಯ ಮೇಲೆ ಕೆಡವಿಕೊಂಡೆ. ಗಂಟು ಹಗುರ, ತಲೆಗೇನೂ ಆಗಲಿಲ್ಲ. ಆದರೆ ಅದರಿಂದ ಹೊರಟ ಟರ್ಪಂಟೈನ್ ವಾಸನೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಿಮ್ಮ ಮನೆಯಲ್ಲಿ ಪೇಂಟರ್ ಒಬ್ಬರು ಇದ್ದಿದ್ದರೆ ಈ ವಾಸನೆಯ ಗುಣ ನಿಮಗೂ ಗೊತ್ತಿರುತ್ತದೆ. ಅದು ಮೊದಲು ಮೂಗಿಗೆ ಹತ್ತುತ್ತದೆ, ಆಮೇಲೆ ಸಾರಿಗೆ, ಮೊಸರಿಗೆ, ಮಡಿಚಿಟ್ಟ ರೇಷ್ಮೆ ಸೀರೆಗೆ. ಮದುವೆಯಾದ ಹೊಸದರಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಡುಗೆ ಮಾಡುತ್ತಿದ್ದೆ. ಈಗ ನಮ್ಮವರು ಹೋಗಿ ವರ್ಷ ತುಂಬುತ್ತಾ ಬಂತು. ಸಾರಿಗೆ ಬರೀ ಸಾರಿನ ವಾಸನೆ. ಊಟ ಸೇರುವುದಿಲ್ಲ.

ಗಂಟಿನೊಳಗಿದ್ದದ್ದು ಒಂದು ಸಣ್ಣ ಬ್ರಷ್ಷು. ಹುಲಿಯ ಕಣ್ಣು ಬರೆಯಲೆಂದು ಅವರು ಎತ್ತಿಟ್ಟಿದ್ದ ಬ್ರಷ್ಷು.

ಯಾವ ಹುಲಿ ಎಂದು ಹೇಳಬೇಕಲ್ಲ. ನಮ್ಮವರು ಕೊಳ್ಳೇಗಾಲದಲ್ಲಿ ಬೋರ್ಡು ಬರೆಯುತ್ತಿದ್ದರು. ಸೀರೆ ಅಂಗಡಿ, ಗೊಬ್ಬರದ ಅಂಗಡಿ, ಯಳಂದೂರಿನಿಂದ ಬರುವ ಆಟೋಗಳ ಬೆನ್ನು, ಮುಳ್ಳೂರಿನ ಟ್ರ್ಯಾಕ್ಟರುಗಳ ಟ್ರೈಲರು. ಟ್ರೈಲರಿನವರಿಗೆ ಹುಲಿಯೇ ಬೇಕು. ಇವರು ಬರೆದ ಹುಲಿಗಳೆಲ್ಲ ಮೀಸೆಯ ದೆಸೆಯಿಂದ ನಮ್ಮಪ್ಪನ ಹಾಗೆ ಕಾಣುತ್ತಿದ್ದವು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಮ್ಮಪ್ಪನೇ ಒಂದು ದಿನ ಸಂತೆಯಲ್ಲಿ ಟ್ರ್ಯಾಕ್ಟರ್ ನೋಡಿ, "ಅಳಿಮಯ್ಯ ನನ್ನ ಗೊಬ್ಬರದ ಗಾಡಿ ಹಿಂದ್ಗಡೆ ಕೂರ್ಸವ್ರೆ" ಎಂದು ಮನೆಗೆ ಬಂದು ಕೂಗಾಡಿದ ಮೇಲೆ ಬೀದಿಗೆಲ್ಲ ಗೊತ್ತಾಯಿತು.

ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ಇಳಿದಿದ್ದ ಕಾಲದಲ್ಲಿ, ಹನೂರಿನಿಂದ ಮಾದಪ್ಪನ ಬೆಟ್ಟದ ಕಡೆಗೆ ಹೋಗುವ ದಾರಿಯ ಒಂದು ಊರಿನಿಂದ ಕರೆ ಬಂತು. ಅಲ್ಲಿಯ ಗ್ರಂಥಾಲಯಕ್ಕೆ ಹೊಸ ಕಟ್ಟಡವಾಗಿತ್ತು. ಒಳಗೋಡೆಯ ಮೇಲೆ ಊರಿನ ಸಂಸ್ಕೃತಿ ಸಾರುವ ದೊಡ್ಡದೊಂದು ಚಿತ್ರ ಬರೆಯಬೇಕಂತೆ. ಊರಿನ ಸಂಸ್ಕೃತಿ ಯಾವುದೆಂದು ಇವರು ಕೇಳಿದ್ದೇ ತಪ್ಪಾಯಿತು. ಒಬ್ಬರು ರಾಗಿ ಕಣ ಎಂದರು, ಇನ್ನೊಬ್ಬರು ಹೊಸ ನೀರಿನ ಟ್ಯಾಂಕು ಎಂದರು. ಪಂಚಾಯ್ತಿಯ ಒಬ್ಬ ಮೆಂಬರು ತೀರಿಹೋದ ತಮ್ಮ ತಂದೆಯ ಫೋಟೋ ಹಿಡಿದು ಬಂದರು. "ಅವ್ರು ಓದಿರ್ನಿಲ್ಲ ಸಾ, ಆದ್ರೆ ನೋಡಕ್ಕೆ ಓದ್ದೋರಂಗೇ ಇದ್ರು."

ನಮ್ಮವರು ಎಲ್ಲರಿಗೂ ಹೂಂಗುಟ್ಟಿದರು. ಮಾರನೆಯ ದಿನ ಸೀಮೆಸುಣ್ಣ ಹಿಡಿದು ಒಂದು ಹುಲಿ ಗೀರಿದರು. ಮುಂಗಾಲುಗಳ ನಡುವೆ ಪುಸ್ತಕ ತೆರೆದಿಟ್ಟುಕೊಂಡು ಕೂತ ಹುಲಿ. ಅದು ಮಾದಪ್ಪನ ವಾಹನ. ಅವನು ಅದನ್ನೇರಿ ತಿರುಗಿದ ಬೆಟ್ಟ ಆ ಊರಿನ ಬೆನ್ನಿಗೇ ಇದೆ. ಯಾರೂ ಬೇಡವೆನ್ನಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಏಣಿ ಹಿಡಿಯಲು ನಾನೂ ಹೋಗುತ್ತಿದ್ದೆ. ಆ ಚಿತ್ರಕ್ಕೆ ನನ್ನ ಸೇವೆ ಅಷ್ಟೇ. ಅದೂ ಎಲೆಯಡಿಕೆ ನೆನಪಾದಾಗ ಏಣಿ ಬಿಟ್ಟದ್ದುಂಟು. ಇವರ ಕಸುಬಿನಲ್ಲಿ ಕಣ್ಣು ಕೊನೆಗೇ. ಹಿಂಡಿ ಅಂಗಡಿಯ ಬೋರ್ಡಿಗೆ ಎಮ್ಮೆ ಬರೆದರೂ ಮೈ, ಕೊಂಬು, ಬಾಲ ಎಲ್ಲ ಮುಗಿಸಿ, ಕೈಕಾಲು ತೊಳೆದು ಬಂದು ಕಣ್ಣು ಬಿಡಿಸುತ್ತಿದ್ದರು. ಈ ಹುಲಿಗೂ ಹಾಗೆಯೇ ಪಟ್ಟೆ, ಮೀಸೆಯವರೆಗೆ ಮುಗಿಸಿ ಬಂದೆವು.

ಮರುದಿನ ಬಸ್ಸಿಳಿದು ಹೋದರೆ ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಊದುಬತ್ತಿಯ ಹೊಗೆ, ಬಾಳೆಹಣ್ಣು, ಒಡೆದ ಕಾಯಿ, ಹುಲಿಯ ಪಾದಕ್ಕೆ ವಿಭೂತಿ. ಗ್ರಂಥಾಲಯ ನೋಡಿಕೊಳ್ಳುವ ಶಿವಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ನೋಡಿ ಸಾ, ಪುಸ್ತಕ ತಕಳಿ ಅಂತ ಮನೆಮನೆಗೋಗಿ ಕರುದ್ರೂ ಒಬ್ರೂ ಬರ್ನಿಲ್ಲ. ಈಗ ಕಾಯಿ ಒಡೆಯಕ್ಕೆ ಕ್ಯೂ ನಿಂತವ್ರೆ. ಕಾಯಿ ನೀರು ಹರ್ದು ಕತೆ ಪುಸ್ತಕೆಲ್ಲ ನೆಂದೋಯ್ತು."

ನಮ್ಮವರು ಅಯ್ಯೋ ಎಂದರು. ಒಳಗೊಳಗೇ ಹಿಗ್ಗಿದ್ದರೆಂದು ನನಗೆ ಗೊತ್ತಿತ್ತು. ಅಷ್ಟು ವರ್ಷ ಬೋರ್ಡು ಬರೆದರೂ ಅವರ ಅಕ್ಷರಕ್ಕೆ ಯಾರೂ ಕಾಯಿ ಒಡೆದಿರಲಿಲ್ಲ.

ಅವರು ಕಣ್ಣಿಗೆ ಹಳದಿ ಕಲೆಸುತ್ತಿರುವಾಗ ಊರಿನ ಹಿರಿಯ ಮಾದೇಗೌಡರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಗೌಡರ ದನಿ ದೊಡ್ಡದು. ಅವರು ಊಟಕ್ಕೆ ಕೂತು ಉಪ್ಪು ಕೇಳಿದರೆ ಆಚೆ ಬೀದಿಯವರು ತಂದುಕೊಡುತ್ತಾರೆ ಎಂದು ಶಿವಮ್ಮ ಹೇಳುತ್ತಿದ್ದಳು. ಗ್ರಂಥಾಲಯದ ಬಾಗಿಲಿಗೆ 'ನಿಶ್ಶಬ್ದ' ಎಂದು ನಮ್ಮವರೇ ಬೋರ್ಡು ಬರೆದು ತೂಗುಹಾಕಿದ್ದರು. ಗೌಡರು ಬಂದಾಗಲೆಲ್ಲ ಅದನ್ನು ಗಟ್ಟಿಯಾಗಿ ಓದಿಯೇ ಒಳಗೆ ಬರುವುದು.

"ನಿಶ್ಶಬ್ದ! ತಡಿಯಪ್ಪ, ಕಣ್ಣು ಬುಡುಸ್ಬ್ಯಾಡ. ಕಣ್ಣು ಬುಟ್ಮೇಲೆ ಅದು ಬಣ್ಣ ಅಲ್ಲ, ದ್ಯಾವ್ರು. ದಿನಾ ದೀಪ ಅಚ್ಬೇಕು, ಪೂಜೆ ಮಾಡ್ಬೇಕು. ಯಾರ್ಲಾ ಮಾಡೋರು?"

ಜೊತೆಯಲ್ಲಿ ಬಂದಿದ್ದ ಇಬ್ಬರು ನಾನು ತಾನು ಎಂದು ಕಿತ್ತಾಡತೊಡಗಿದರು. ಶಿವಮ್ಮ ಎದ್ದು ನಿಂತಳು.

"ದ್ಯಾವ್ರಾದ್ರೆ ನಾನೇನ್ ಮಾಡ್ಲಿ ಗೌಡ್ರೆ? ತಿಂಗ್ತಿಂಗ್ಳೂ ಮೂರ್ ದಿಸ ಒಳೀಕ್ ಬರ್ದೆ ಜಗ್ಲಿ ಮೇಲೆ ಕೂತ್ಕಂಡು ಪುಸ್ತಕ ಕೊಡ್ಲಾ? ಬಾಡು ತಿಂದ್ ದಿಸ ಯಾರೂ ಓದಂಗಿಲ್ವಾ?"

ಅಲ್ಲಿಗೆ ಕಿತ್ತಾಟ ನಿಂತಿತು. ಎಲ್ಲರೂ ವಾರದಲ್ಲಿ ಬಾಡೂಟದ ದಿನ ಕಳೆದು ಓದಲು ಏನು ಉಳಿಯುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರೆಂದು ತೋರುತ್ತದೆ. ಕೊನೆಗೆ ಗೌಡರೇ ದಾರಿ ಹೇಳಿದರು.

"ಅಂಗಾರೆ ಮನಗಿಸ್ಬುಡಪ್ಪ ಉಲೀನ."

"ಮುಂದ್ಗಡೆ ಪುಸ್ತಕ ಮಡಿಕಂಡು ಯಾರಾದ್ರೂ ಮನಗ್ತಾರಾ ಗೌಡ್ರೆ?" ಎಂದರು ನಮ್ಮವರು.

"ನಮ್ಮನೇಲಿ ಎಲ್ರೂ ಅಂಗೇಯ ಮನಗೋದು."

ಹಳದಿ ಬಣ್ಣ ಹಾಗೇ ಒಣಗಿತು. ನಮ್ಮವರು ಕಪ್ಪಿನಲ್ಲಿ ಎರಡು ಬಾಗಿದ ಗೆರೆ ಎಳೆದು ಏಣಿಯಿಂದ ಇಳಿದರು. ಹುಲಿ ಮಲಗಿತು, ಕಾಯಿ ಒಡೆಯುವುದು ನಿಂತಿತು. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದರು. "ಕಣ್ಣು ಬುಡುಸ್ದೆ ಇದ್ಮೇಲೆ ಕೆಲ್ಸ ಮುಗುದಂಗಲ್ಲ ಕಣೆ" ಎಂದರು. ಬ್ರಷ್ಷನ್ನು ಬಟ್ಟೆಯಲ್ಲಿ ಸುತ್ತಿ, ಒಂದು ದಿನ ಹೋಗಿ ಮುಗಿಸಿ ಬರುತ್ತೇನೆಂದು ಅಟ್ಟಕ್ಕೆ ಹಾಕಿದರು. ಆ ಒಂದು ದಿನ ಬರಲಿಲ್ಲ. ಆಸ್ಪತ್ರೆಯಲ್ಲಿ ಮಾತು ಕಡಿಮೆಯಾಗಿದ್ದಾಗಲೂ, "ಆ ಕಣ್ಣು ಬಾಕಿ ಉಳ್ಕತಲ್ಲ" ಎಂದರು.

"ನಾನ್ ಬುಡುಸ್ತೀನಿ, ಸುಮ್ಕೆ ಮನಿಕಳಿ" ಎಂದೆ.

"ನೀನ್ ಬುಡುಸುದ್ರೆ ಮೆಳ್ಳೆಗಣ್ಣಾಯ್ತದೆ" ಎಂದು ನಕ್ಕರು. ನಾನು ನೋಡಿದ ಅವರ ಕೊನೆಯ ನಗು ಅದು. ಅವರು ನಕ್ಕರೇನು, ನಾನು ಮಾತು ಕೊಟ್ಟಾಗಿತ್ತು.

ಈ ಗಂಟು ಬೀಳುವ ಕೆಲವು ದಿನ ಮೊದಲು ಶಿವಮ್ಮ ಫೋನು ಮಾಡಿದ್ದಳು. ಗೋಡೆ ತೇವ ಹಿಡಿದು ಬಣ್ಣ ಉದುರುತ್ತಿದೆ, ಹನೂರಿನಿಂದ ಹೊಸ ಪೇಂಟರ್ ಬರುತ್ತಾನೆ ಎಂದಳು. "ಕಣ್ಣು ಬುಡುಸೋದಾದ್ರೆ ಈಗ್ಲೇ ಬುಡುಸ್ಬುಡಕ್ಕ. ಪಂಚಾಯ್ತಿಯೋರೂ ಊಂ ಅಂದವ್ರೆ. ಈಗ ಕಾಯಿ ಒಡೆಯೋರು ಯಾರೂ ಇಲ್ಲ." ನೋಡೋಣ ಎಂದು ಫೋನು ಇಟ್ಟಿದ್ದೆ. ಬ್ರಷ್ಷು ತಲೆಯ ಮೇಲೇ ಬಿದ್ದ ಮೇಲೆ ಇನ್ನೇನು ನೋಡುವುದು? ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಗ್ರಂಥಾಲಯದ ಬೆಂಚುಗಳ ತುಂಬ ಜನ. ಗೋಡೆಯ ಪಟ್ಟೆಗಳಿಗೆ ಹೊಸ ಬಣ್ಣ ಬಂದಿತ್ತು, ಮುಖ ಮಾತ್ರ ಉಳಿದಿತ್ತು. ಏಣಿಯ ಮೇಲಿದ್ದ ಪೇಂಟರ್‌ಗೆ ಬ್ರಷ್ಷು ತೋರಿಸಿ, ಇದು ಯಾರದು, ಯಾವ ಕೆಲಸ ಬಾಕಿ ಎಂದು ಹೇಳತೊಡಗಿದೆ. ಮನೆಯಲ್ಲಿ ವರ್ಷವೆಲ್ಲ ಸೆರಗು ಕಚ್ಚಿಕೊಂಡು ಅತ್ತವಳು, ಅಲ್ಲಿ ನಮ್ಮಪ್ಪನ ಮೀಸೆ ಹೊತ್ತ ಆ ಮುಖ ನೋಡಿ ಬಾಯಿಬಿಟ್ಟು ಅತ್ತೆ.

ಹುಲಿಯ ಬುಡದ ಬೆಂಚಿನಿಂದ ಯಾರೋ ಪೇಪರು ಮಡಿಚಿಟ್ಟು ಎದ್ದರು. ಮಾದೇಗೌಡರು. ನನ್ನ ಹತ್ತಿರ ಬಂದು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲುಕೆ ಕಣವ್ವ," ಎಂದರು. ಪಕ್ಕದಲ್ಲಿದ್ದ ಶಿವಮ್ಮನಿಗೂ ಅದು ಕೇಳಿಸಿರಲಾರದು. "ಉಲಿ ಮನಗ್ಯದೆ."

ಗೌಡರು, ಪಿಸುಮಾತು! ಅಳುತ್ತಿದ್ದ ನನಗೆ ನಗು ಬಂತು. ಸೆರಗು ಬಾಯಿಗಿಟ್ಟು ಅದನ್ನೂ ಮೆಲ್ಲಗೇ ನಕ್ಕೆ. ಸುತ್ತ ನೋಡಿದರೆ ಎಲ್ಲರೂ ಹಾಳೆಗಳನ್ನು ಮಗು ಏಳದ ಹಾಗೆ ಹೊದಿಕೆ ಸರಿಸುವಷ್ಟು ಮೆತ್ತಗೆ ಮಗುಚುತ್ತಿದ್ದರು. ಬಾಗಿಲಲ್ಲಿ ನಮ್ಮವರ ಬೋರ್ಡು ಕಾಣಲಿಲ್ಲ. ಬೇಕಾಗಲಿಲ್ಲವೆಂದು ಎಂದೋ ಬಿಚ್ಚಿಟ್ಟರಂತೆ.

"ಕಣ್ಣು ಬುಡುಸ್ಲಾ ಅಮ್ಮ?" ಪೇಂಟರ್ ಕೂಡ ಪಿಸುಗುಟ್ಟಿದ.

"ಬ್ಯಾಡ ಕಣಪ್ಪ. ಕೆಲ್ಸ ಮುಗುದದೆ," ಎಂದೆ. ಅವನಿಗೆ ಹೇಳಿದೆನೋ ನಮ್ಮವರಿಗೆ ಹೇಳಿದೆನೋ.

ಆ ಬ್ರಷ್ಷಿನಲ್ಲಿ ಅವನು ಮೀಸೆ ತಿದ್ದಿದ. ಏಣಿ ನಾನೇ ಹಿಡಿದೆ, ಈ ಸಲ ಬಿಡಲಿಲ್ಲ. ಟರ್ಪಂಟೈನಿನಲ್ಲಿ ತೊಳೆದು ಕೊಟ್ಟದ್ದನ್ನು ಮನೆಗೆ ತಂದೆ. ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಒಲೆಯ ಪಕ್ಕದ ಗೂಡಿನಲ್ಲಿ, ಉಪ್ಪಿನ ಡಬ್ಬದ ಹತ್ತಿರ ಇಟ್ಟಿದ್ದೇನೆ. ಇವತ್ತಿನ ಸಾರಿಗೆ ಸ್ವಲ್ಪ ವಾಸನೆ ಹತ್ತಿತ್ತು. ಎರಡನೆಯ ಸಲ ಬಡಿಸಿಕೊಂಡು ಉಂಡೆ.