ಕತ್ತರಿಯಣ್ಣನ ಬಿಳಲುಗಳು

ಬೀದಿಯವರು ಅವನನ್ನು ಕತ್ತರಿಯಣ್ಣ ಎನ್ನುತ್ತಿದ್ದರು. ದರ್ಜಿಯ ಕಸುಬಿನಿಂದ ಅರ್ಧ, ನಾಲಗೆಯ ದೆಸೆಯಿಂದ ಇನ್ನರ್ಧ. ಅವನ ಒಂದಂಕಣದ ಅಂಗಡಿಯ ಹಿಂದೆ ಆಲದ ಮರವಿತ್ತು. ಅವನು ಅಲ್ಲಿ ಹೊಲಿಗೆಯಂತ್ರ ಹೂಡಿದ ವರ್ಷ ಮರಕ್ಕೆ ಹನ್ನೊಂದು ಕಾಂಡ. ಇಪ್ಪತ್ತಾರು ವರ್ಷಗಳ ಮೇಲೆ ನಲವತ್ತಮೂರು. ಕೊಂಬೆಯಿಂದ ಇಳಿದ ಬಿಳಲು ನೆಲ ಹಿಡಿದರೆ ಕಾಲಕ್ರಮದಲ್ಲಿ ಕಾಂಡ. ಆ ಕಾಂಡದ ಮೇಲೆ ಭಾರ ಹಾಕಿ ಕೊಂಬೆ ಮತ್ತೆ ಮುಂದಕ್ಕೆ. ನೆಲ ಹಿಡಿದ ಕೊನೆಯ ಬಿಳಲಿನಾಚೆ ಹತ್ತು ಅಡಿ ಜಾಗವೆಲ್ಲ ಮರದ್ದೇ ಎಂಬುದು ಪುರಸಭೆಯ ಕಟ್ಟಳೆ. ಆ ಬಿಳಲಿನಿಂದ ಅಂಗಡಿಯ ಹಿಂಗೋಡೆಗೆ ಈಗ ಉಳಿದಿದ್ದ ಅಂತರ ಹದಿನಾಲ್ಕು ಅಡಿ.

"ಕೂತು ತಿನ್ನೋರನ್ನ ಕಂಡಿದ್ದೀನಿ. ನಿಂತಲ್ಲೇ ನಿಂತು ಊರು ನುಂಗೋ ಶನಿ ಇದೊಂದೇ," ಎಂದು ಅವನು ಉಗಿಯುತ್ತಿದ್ದ.

ಪ್ರತಿ ಸೋಮವಾರ ಸ್ಟೂಲು ಹತ್ತಿ, ತನ್ನತ್ತ ಇಳಿದ ಬಿಳಲುಗಳ ತುದಿಯನ್ನು ಅಂಗಿಯ ಅಂಚಿನಷ್ಟು ನೇರವಾಗಿ ಕತ್ತರಿಸುತ್ತಿದ್ದ.

"ರೀ, ಆ ಹೊತ್ತಲ್ಲಿ ಎರಡು ಕುಪ್ಪಸ ಮುಗೀತಿತ್ತು," ಎನ್ನುವಳು ಹೆಂಡತಿ.

"ನಿನ್ನ ತವರಿನವರ ಹಾಗೆ ಇದು. ಬಿಟ್ಟರೆ ಇಲ್ಲೇ ಬೇರು ಬಿಡುತ್ತೆ."

"ಅವರು ಬಂದಿದ್ದೇ ಎರಡು ಸಲ. ನಿಮ್ಮ ಬಾಯಿಗೆ ಹೆದರಿ ಓಡಿದ್ರು."

ಆ ಮಳೆಗಾಲ ಅವನು ಸ್ಟೂಲಿನಿಂದ ಬಿದ್ದು ಕಾಲು ಮುರಿದುಕೊಂಡ. ಎರಡು ತಿಂಗಳು ಹಾಸಿಗೆ. ಊರುಗೋಲಿನೊಡನೆ ಅಂಗಡಿಗೆ ಮರಳಿದ ದಿನವೇ ಪುರಸಭೆಯ ಅಳತೆಯವನು ಹಿತ್ತಲಲ್ಲಿ ಟೇಪು ಹಿಡಿದಿದ್ದ. ಗೋಡೆಯಿಂದ ಏಳೇ ಅಡಿ ದೂರದಲ್ಲಿ ಬಿಳಲಿನ ದೊಡ್ಡದೊಂದು ಗೊಂಚಲು ಮಣ್ಣಿಗಿಳಿದಿತ್ತು.

"ಯಜಮಾನ್ರೇ, ಆ ಕಡೆಯೆಲ್ಲ ಒಂಟಿ ಬಿಳಲು. ಇಲ್ಲಿ ಮಾತ್ರ ಪೊರಕೆ ಕಟ್ಟಿನ ಹಾಗಿದೆ. ತುದಿ ಕತ್ತರಿಸಿದ್ರೆ ಒಂದು ನಾಲ್ಕಾಗಿ ಒಡೆಯುತ್ತೆ. ಯಾರೋ ಮುತುವರ್ಜಿಯಿಂದ ಬೆಳೆಸಿದ್ದಾರೆ."

ಕತ್ತರಿಯಣ್ಣನ ಮುಖ ಕಪ್ಪಿಟ್ಟಿತು. "ಕತ್ತರಿಸಿದ್ದು ಚಿಕ್ಕದಾಗ್ಬೇಕಲ್ವೇನಯ್ಯಾ."

"ಬಟ್ಟೆ ಆಗುತ್ತೆ," ಎಂದು ಅಳತೆಯವನು ಟೇಪು ಸುತ್ತಿಕೊಂಡ. ಹತ್ತು ಅಡಿಯ ಕಟ್ಟಳೆಯಂತೆ ಅಂಗಡಿ ತೆರವಿಗೆ ಒಂದು ತಿಂಗಳ ಗಡುವು.

ಮೂರು ಬೀದಿಯಾಚೆ ಸಿಕ್ಕ ಹೊಸ ಕೋಣೆಯ ಹಿಂದೆ, ಗೋಡೆಯ ಬಿರುಕಿನಲ್ಲಿ ಗೇಣುದ್ದದ ಸಸಿಯೊಂದಿತ್ತು. ಅವನ ಕೈ ಕತ್ತರಿಯತ್ತ ಹೋಯಿತು.

"ಅದನ್ನ ಇಡಿ ಕೆಳಗೆ," ಎಂದಳು ಹೆಂಡತಿ. "ಒಂದನ್ನ ನಾಲ್ಕು ಮಾಡಿದ್ದು ಸಾಕು."

ಅವನು ಊರುಗೋಲನ್ನು ಗೋಡೆಗೆ ಒರಗಿಸಿ, ಹಲ್ಲು ಕಚ್ಚಿ ಕುಕ್ಕರಗಾಲಲ್ಲಿ ಕೂತು, ಸಸಿಯನ್ನು ಬುಡಸಮೇತ ಕಿತ್ತ. ಅದು ಯಾವ ಗಿಡವೆಂದು ನೋಡಲೂ ಇಲ್ಲ.