ಸಲ್ಫಾಸ್ ಮಾತ್ರ ನೆನಪಿತ್ತು

ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟು ನಾಲ್ಕಾರು ವರ್ಷಗಳಾಗಿದ್ದ ಕಾಲ. ಹೊಸದುರ್ಗದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಕಂಪೌಂಡರ್ ಆಗಿದ್ದೆ, ಅಂದರೆ ಡಾಕ್ಟರು ಬರೆದ ಔಷಧಿಯನ್ನು ಬೆರೆಸಿ ಕೊಡುವವನು. ಸೀಸೆಗಳ ಮೇಲೆಲ್ಲ ಲ್ಯಾಟಿನ್ ಹೆಸರುಗಳು. ಓದಲು ಬರುತ್ತಿತ್ತು, ಆದರೆ ನಿಜ ಹೇಳಬೇಕೆಂದರೆ, ನನ್ನ ಕೈ ಹೋಗುತ್ತಿದ್ದುದು ಹೆಸರು ನೋಡಿ ಅಲ್ಲ, ಜಾಗ ನೋಡಿ. ಮೇಲಿನ ಹಲಗೆಯ ಎಡತುದಿಯದು ಜ್ವರಕ್ಕೆ, ಅದರ ಪಕ್ಕದ್ದು ಭೇದಿಗೆ, ಹೀಗೆ. ತಪಾಸಣೆಗೆ ಮೇಲಿನವರು ಬರುತ್ತಾರೆಂದು ಆ ವಾರ ಗೋಡೆಗೆ ಸುಣ್ಣ ಹೊಡೆಸಿ, ಅಂದವಾಗಿ ಕಾಣಲೆಂದು ಸೀಸೆಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದೆ. ಆ ಬುದ್ಧಿವಂತಿಕೆ ನನ್ನದೇ.

ಡಾಕ್ಟರು ಪ್ಲೇಗಿನ ಚುಚ್ಚುಮದ್ದು ಹಾಕಲು ಮತ್ತೋಡಿನ ಕಡೆ ಕ್ಯಾಂಪ್ ಹೋಗಿದ್ದರು. ಔಷಧಿ ಪುಸ್ತಕವೂ ಅವರ ಪೆಟ್ಟಿಗೆಯಲ್ಲೇ ಹೋಗಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಬಸಮ್ಮ ಎಂಬ ರೈತರ ಮನೆಯ ಅಜ್ಜಿ ನಾಲ್ಕು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಓಡಿಬಂದಳು. ಕೂಸಿನ ಮುಖ ಕೆಂಪೇರಿತ್ತು, ಕಣ್ಣಾಲಿ ಅಗಲವಾಗಿತ್ತು, ಕೈ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿತ್ತು.

“ಉಮ್ಮತ್ತಿ ಬೀಜ ತಿಂದೈತೆ ಸ್ವಾಮಿ, ಅರ್ಧ ಗಂಟೆ ಆತು. ಏನಾರ ಕೊಡ್ರಿ!”

ಉಮ್ಮತ್ತಿ ಎಂದರೆ ದತ್ತೂರ. ವಾಂತಿ ಮಾಡಿಸಬೇಕು, ತಡವಾದಷ್ಟೂ ವಿಷ ಮೈಗೇರುತ್ತದೆ. ಅದಕ್ಕೊಂದು ಬಿಳಿ ಪುಡಿಯಿತ್ತು. ಅದರ ಜಾಗವನ್ನು ನಾನೇ ಬದಲಿಸಿದ್ದೆ, ಹೆಸರು ತಲೆಯಿಂದ ಹಾರಿಹೋಗಿತ್ತು. ಕೊನೆಯಲ್ಲಿ ‘ಸಲ್ಫಾಸ್’, ಅಂದರೆ ಸಲ್ಫೇಟ್, ಎಂದಿತ್ತು, ಅಷ್ಟೇ ನೆನಪು. ತಿರುಗಿ ನೋಡಿದರೆ ಸಲ್ಫಾಸ್ ಎಂದಿದ್ದ ಸೀಸೆಗಳು ಐದು, ಐದರಲ್ಲೂ ಬಿಳಿ ಪುಡಿ. ವಾಂತಿ, ವಾಂತಿ ಎಂದು ಗೊಣಗುತ್ತ ಒಂದೊಂದನ್ನೂ ಓದಿದೆ, ಮತ್ತೆ ಓದಿದೆ. ಯಾವುದೂ ಹೌದೆನ್ನಲಿಲ್ಲ. ಧೈರ್ಯ ಮಾಡಿ ಒಂದು ಸಣ್ಣ ಸೀಸೆಯ ಬಿರಡೆ ತೆಗೆದೆ. ಮತ್ತೆ ಮುಚ್ಚಿದೆ. ಬಸಮ್ಮ ಕೇಳಿದಾಗಲೆಲ್ಲ “ತಡಿ ಅಜ್ಜಿ, ಹುಡುಕ್ತಿದೀನಿ” ಎಂದೆ. ಮರೆತಿದ್ದೇನೆ ಎನ್ನಲು ನಾಚಿಕೆ. ಅಷ್ಟರಲ್ಲಿ ಕೂಸು ಗೋಡೆ ನೋಡಿ ನಕ್ಕಿತು.

“ಅಜ್ಜಿ, ಔಷಧಿ ಹೆಸ್ರು ಮರ್ತೋಗೈತೆ” ಎಂದು ಅತ್ತೇಬಿಟ್ಟೆ.

“ಹೆಸ್ರು ಕಟ್ಕಂಡು ನಾನೇನ್ ಮಾಡ್ಲಿ? ಹೊಟ್ಟಿಗೋಗಿ ಅದು ಏನ್ ಮಾಡ್ತೈತೆ, ಅದನ್ ಹೇಳ್ರಿ.”

“ವಾಂತಿ ಮಾಡಿಸ್ತೈತೆ.”

“ಇಷ್ಟಕ್ಕಾ ಇಷ್ಟೊತ್ತು ಕುಂದ್ರಿಸಿದ್ದು!”

ಕೂಸನ್ನು ನನ್ನ ತೊಡೆಗೆ ಹಾಕಿ ಎದುರು ಮನೆಗೆ ಓಡಿದಳು. ಅರೆದ ಸಾಸಿವೆಯನ್ನು ಬೆಚ್ಚನೆ ನೀರಿಗೆ ಕದಡಿ ತಂದು ಕುಡಿಸಿದಳು. ಎರಡನೆಯ ಲೋಟಕ್ಕೆ ಬೀಜಗಳು ಹೊರಬಿದ್ದವು. ಮೂರು ದಿನ ಬಡಬಡಿಸಿ ಕೂಸು ಉಳಿಯಿತು.

ಡಾಕ್ಟರು ಬಂದಮೇಲೆ ನಾನು ಬಿರಡೆ ತೆಗೆದಿದ್ದ ಸೀಸೆಯನ್ನು ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು. ಅದು ಅಟ್ರೋಪಿನ್ ಸಲ್ಫೇಟ್, ಕಣ್ಣಿನ ಚಿಕಿತ್ಸೆಗೆ ಬಳಸುವುದು. ಉಮ್ಮತ್ತಿಯಲ್ಲಿರುವ ವಿಷವೇ ಅದು, ನೂರು ಪಾಲು ಗಟ್ಟಿಯಾಗಿ. ಒಂದು ಚಿಟಿಕೆ ಕೊಟ್ಟಿದ್ದರೂ ಕೂಸು ಉಳಿಯುತ್ತಿರಲಿಲ್ಲ.

ಆಮೇಲೂ ಬಹಳ ವರ್ಷ ಅದೇ ಕೆಲಸ ಮಾಡಿದೆ. ಮರೆವು ಯಾರಿಗಾದರೂ ಬರುತ್ತದೆ. ಅದಕ್ಕಾಗಿ ನನ್ನನ್ನು ನಾನು ಕ್ಷಮಿಸಿದ್ದೇನೆ. ಮರೆತಿದ್ದೇನೆ ಎಂಬ ಒಂದು ಮಾತು ಹೇಳಲು ಕಾಲು ಗಂಟೆ ಕಳೆದೆನಲ್ಲ, ಆ ಕಾಲು ಗಂಟೆ ನನ್ನದಾಗಿರಲಿಲ್ಲ, ಕೂಸಿನದಾಗಿತ್ತು.